ನಂಬರು ಮಾತ್ರ ಇದ್ದ ಮುಲಾಮು

ಗಾಯ ಶುರುವಾದದ್ದು ಗ್ರಂಥಾಲಯದ ಕಬ್ಬಿಣದ ಕಪಾಟಿನಿಂದ. ಕೆಳಗಿನ ಸಾಲಿನಲ್ಲಿ ಹಳೆಯ ಕಾನೂನು ವರದಿಗಳ ಸಂಪುಟಗಳನ್ನು ಜೋಡಿಸಿ ಏಳುವಾಗ ಬಲಗಾಲಿನ ಹರಡು, ಪಾದದ ಗಂಟಿನ ಒಳಬದಿ, ಕಪಾಟಿನ ಮೂಲೆಗೆ ತಗುಲಿ, ಉಗುರಗಲದಷ್ಟು ಚರ್ಮ ಸುಲಿಯಿತು. ರಕ್ತ ಕೂಡ ಹೆಚ್ಚು ಬರಲಿಲ್ಲ. ಬೇರೆಯವರಿಗಾಗಿದ್ದರೆ ವಾರದಲ್ಲಿ ಒಣಗಿ, ಹಕ್ಕಳೆ ಉದುರಿ, ಮರೆತುಹೋಗುವಂಥದ್ದು. ನನಗೆ ಅದು ಆರು ವರ್ಷ ಮಾಯಲಿಲ್ಲ.

ನಾಗರಬಾವಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನಾನು ಸಹಾಯಕಿ. ಹುಟ್ಟಿದ್ದು ಹೆಗ್ಗಡದೇವನಕೋಟೆಯಿಂದಾಚೆ, ಕಾಡಂಚಿನ ಒಂದು ಹಾಡಿಯಲ್ಲಿ. ಆಶ್ರಮ ಶಾಲೆಯಲ್ಲಿ ಓದುವಾಗ ರಕ್ತ ಪರೀಕ್ಷೆಗೆ ಬಂದವರು ನನಗೆ ಸಿಕಲ್ ಸೆಲ್ ಇದೆ ಎಂದು ಒಂದು ಕಾರ್ಡ್ ಬರೆದುಕೊಟ್ಟು ಹೋಗಿದ್ದರು. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವ ಕಾಯಿಲೆ ಅದು. ತಾಯಿ ತಂದೆ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಪೂರ್ತಿಯಾಗಿ ಬರುತ್ತದೆ. ನನಗೆ ಇಬ್ಬರ ಕಡೆಯಿಂದಲೂ ಬಂತು. ನನ್ನ ತಮ್ಮನಿಗೆ ಒಬ್ಬರ ಕಡೆಯಿಂದ ಮಾತ್ರ ಬಂದದ್ದರಿಂದ ಅವನು ಮರ ಹತ್ತಿಕೊಂಡು ಆರಾಮಾಗಿದ್ದಾನೆ. ವರ್ಷದಲ್ಲಿ ಎರಡು ಮೂರು ಸಲ ಮೂಳೆಯೊಳಗಿಂದ ಬರುವ ನೋವು, ದಿನಕ್ಕೆರಡು ಮಾತ್ರೆ, ಬೇಗ ಆಗುವ ಸುಸ್ತು, ಇವಕ್ಕೆಲ್ಲ ನಾನು ಒಗ್ಗಿಕೊಂಡಿದ್ದೆ. ಗಾಯಕ್ಕೆ ಒಗ್ಗಿಕೊಳ್ಳುವುದು ಬೇರೆಯೇ ಕೆಲಸ.

ಹರಡಿನ ಹತ್ತಿರ ಮೊದಲೇ ರಕ್ತ ಸರಿಯಾಗಿ ತಲುಪುವುದಿಲ್ಲ, ಅದಕ್ಕೇ ಅಲ್ಲಿನ ಗಾಯ ಹಟ ಮಾಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದು ಮೊದಲು ನಾಣ್ಯದಷ್ಟಾಯಿತು, ಆಮೇಲೆ ಬಿಸ್ಕತ್ತಿನಷ್ಟಾಯಿತು. ಒಮ್ಮೆ ಚರ್ಮ ಕೂಡಿಕೊಂಡು ಎರಡು ತಿಂಗಳು ಮುಚ್ಚಿತ್ತು, ಮತ್ತೆ ತಾನಾಗಿಯೇ ತೆರೆದುಕೊಂಡಿತು. ನಾನು ದಿನವೂ ಬ್ಯಾಗಿನಲ್ಲಿ ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಂಡೇಜು ಒದ್ದೆಯಾಗಿ ವಾಸನೆ ಬರುತ್ತಿತ್ತು. ಓದಲು ಬರುವ ಹುಡುಗಿಯರು ನನ್ನ ಮೇಜಿನ ಹತ್ತಿರ ಬಂದು, ಏನೋ ನೆನಪಾದವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ನಾನೇ ಕಿಟಕಿ ಪಕ್ಕದ ಮೇಜನ್ನು ಕೇಳಿ ಪಡೆದುಕೊಂಡೆ.

ನಾನು ಬಾಡಿಗೆಗಿದ್ದದ್ದು ಮಲ್ಲತ್ತಹಳ್ಳಿಯಲ್ಲಿ, ಕೆರೆಗೆ ಎರಡು ರಸ್ತೆ ಈಚೆ, ಮೂರಂತಸ್ತಿನ ಮನೆಯ ಮೇಲಿನ ಕೋಣೆಯಲ್ಲಿ. ಮನೆಯ ಯಜಮಾನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅವರ ಗದ್ದೆ ಇದ್ದ ಜಾಗದಲ್ಲಿ ಈಗ ಬಡಾವಣೆ ಇದೆ. ಗದ್ದೆ ಹೋದರೂ ಒಂದು ಹಸುವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಕೆಳಗಿನ ಕಾರು ನಿಲ್ಲಿಸುವ ಜಾಗದಲ್ಲಿ ಅದನ್ನು ಕಟ್ಟುತ್ತಿದ್ದರು. ನಾವು ಬಾಡಿಗೆಯವರೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು.

ಒಂದು ಬೆಳಿಗ್ಗೆ ಅವರು ಮೆಟ್ಟಿಲು ತೊಳೆಯುತ್ತ ಮೇಲೆ ಬಂದು ನನ್ನ ಬಾಗಿಲಲ್ಲಿ ನಿಂತರು.

"ಏನವ್ವಾ, ಮೆಟ್ಲ ಮೇಲೆಲ್ಲ ಕಲೆ ಐತೆ. ನಿನ್ನ ಕಾಲಿಂದೇನಾ?"

ಹೌದೆಂದೆ. ಕೋಣೆ ಖಾಲಿ ಮಾಡಲು ಹೇಳುತ್ತಾರೆ ಎಂದುಕೊಂಡು, ನಾಗರಬಾವಿಯಲ್ಲಿ ಎಲ್ಲೆಲ್ಲಿ ಬಾಡಿಗೆ ಬೋರ್ಡು ನೋಡಿದ್ದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಅವರು ಒಳಗೆ ಬಂದು ಮಂಚದ ಮೇಲೆ ಕುಳಿತು, "ಬಿಚ್ಚು, ನೋಡಾನ" ಅಂದರು. ಬಿಚ್ಚಿದೆ. ಬಗ್ಗಿ ನೋಡಿದರು. ಮೂಗು ಮುಚ್ಚಿಕೊಳ್ಳಲಿಲ್ಲ.

"ಈ ಕಾಲಿಟ್ಕೊಂಡು ದಿನಾ ಮೂರು ಮಹಡಿ ಹತ್ತುತೀಯಾ? ಕೆಳಗಿನ ರೂಮು ಮುಂದಿನ ತಿಂಗಳು ಖಾಲಿ ಆಯ್ತದೆ. ಅಲ್ಲಿಗ್ ಬಾ."

ಹಾಗೆ ನಾನು ಹಸುವಿನ ಪಕ್ಕದ ಕೋಣೆಗೆ ಇಳಿದೆ. ಸಗಣಿಯ ವಾಸನೆಯಲ್ಲಿ ನನ್ನ ಕಾಲಿನ ವಾಸನೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದೊಂದು ಅನುಕೂಲ.

ಹೊಸ ಮುಲಾಮಿನ ವಿಷಯ ಬಂದದ್ದು ಮರುವರ್ಷ. ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ನನ್ನನ್ನು ನೋಡುತ್ತಿದ್ದ ರಕ್ತರೋಗದ ಡಾಕ್ಟರು ಒಂದು ದಿನ ಚೀಟಿ ಬರೆಯುವುದನ್ನು ನಿಲ್ಲಿಸಿ, "ನಿಮ್ಮಂಥ ಗಾಯಕ್ಕೆ ಒಂದು ಹೊಸ ಮುಲಾಮು ಪರೀಕ್ಷೆ ಮಾಡ್ತಾ ಇದೀವಿ. ಸೇರ್ತೀರಾ?" ಎಂದು ಕೇಳಿದರು. ಸೇರಿದವರಲ್ಲಿ ಅರ್ಧ ಜನರಿಗೆ ಔಷಧಿ ಇರುವ ಮುಲಾಮು, ಉಳಿದರ್ಧ ಜನರಿಗೆ ನೋಡಲು ಅದರಂತೆಯೇ ಇರುವ, ಔಷಧಿ ಇಲ್ಲದ ಬರೀ ಮುಲಾಮು. ಗಾಯ ತೊಳೆಯುವುದು, ಬಿಗಿಯಾಗಿ ಬ್ಯಾಂಡೇಜು ಸುತ್ತುವುದು ಎಲ್ಲರಿಗೂ ಒಂದೇ ರೀತಿ.

"ನನಗೆ ಯಾವುದು ಸಿಗುತ್ತೆ ಸಾರ್?"

"ನಿಮಗೂ ಹೇಳಲ್ಲ, ನನಗೂ ಗೊತ್ತಿರಲ್ಲ. ಟ್ಯೂಬಿನ ಮೇಲೆ ನಂಬರ್ ಇರುತ್ತೆ ಅಷ್ಟೆ. ಯಾವ ನಂಬರ್ ಯಾವುದು ಅಂತ ಕೊನೆಗೆ ತೆಗೆದು ನೋಡ್ತಾರೆ."

"ಗೊತ್ತಿದ್ರೆ ಏನಾಗುತ್ತೆ?"

"ಗೊತ್ತಿದ್ರೆ ನಾನು ನಿಮ್ಮ ಗಾಯನ ಬೇರೆ ಥರ ನೋಡ್ತೀನಿ. ವಾಸಿ ಆಗ್ದೇ ಇದ್ರೂ ಆಗಿದೆ ಅನ್ಸುತ್ತೆ."

ಈ ಮಾತು ನನಗೆ ಹಿಡಿಸಿತು. ಒಪ್ಪಿಗೆ ಪತ್ರ ಕೊಟ್ಟು, ಮನೆಗೆ ಒಯ್ದು ಓದಿ ಬನ್ನಿ ಎಂದರು. ಅದನ್ನು ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದರು. ಉದ್ದಕ್ಕೂ ನನ್ನನ್ನು 'ವಿಷಯ' ಎಂದು ಕರೆದಿದ್ದರು. 'ವಿಷಯವು ಯಾವಾಗ ಬೇಕಾದರೂ ಹೊರನಡೆಯಬಹುದು', 'ವಿಷಯವು ಗರ್ಭಿಣಿಯಾಗಿರಬಾರದು'. ಸಬ್ಜೆಕ್ಟ್ ಎನ್ನುವುದಕ್ಕೆ ನಿಘಂಟಿನಲ್ಲಿ ಮೊದಲು ಕಂಡ ಅರ್ಥ ಹಾಕಿದ್ದರು. ನಾನು ಪೆನ್ಸಿಲ್ ಹಿಡಿದು ಆರು ಪುಟವನ್ನೂ ತಿದ್ದಿದೆ. ಮಂಗಳವಾರ ಕೊಟ್ಟಾಗ ಅಲ್ಲಿನ ಸಿಸ್ಟರ್ ನೋಡಿ, "ಸೈನ್ ಮಾಡ್ಕೊಂಡು ಬನ್ನಿ ಅಂದ್ರೆ ಮಾರ್ಕ್ಸ್ ಹಾಕ್ಕೊಂಡು ಬಂದಿದೀರಲ್ಲ" ಎಂದು ನಕ್ಕರು. ಡಾಕ್ಟರು ನಗಲಿಲ್ಲ. ಪುಟ ತಿರುಗಿಸಿ ಓದಿ, ಇದನ್ನು ಪರೀಕ್ಷೆಗೆ ಒಪ್ಪಿಗೆ ಕೊಡುವ ಸಮಿತಿಗೆ ಕಳಿಸುತ್ತೇನೆ ಎಂದರು. ಮುಂದೆ ಸೇರಿದವರಿಗೆ ಕೊಟ್ಟ ಪತ್ರದಲ್ಲಿ 'ವಿಷಯ' ಇರಲಿಲ್ಲ, 'ನೀವು' ಎಂದಿತ್ತು.

ಮಂಗಳವಾರ ಮತ್ತು ಶುಕ್ರವಾರ ಹೋಗಬೇಕಿತ್ತು. ಬೆಳಗಿನ ಬಸ್ಸಿನಲ್ಲಿ ಕಾಲು ತುಳಿಯದಂತೆ ಕಾಪಾಡಿಕೊಂಡು ನಿಲ್ಲುವುದೇ ದೊಡ್ಡ ಕಷ್ಟ. ವಿಜಯನಗರ ದಾಟುವವರೆಗೆ ಬಲಗಾಲನ್ನು ಎಡಗಾಲಿನ ಹಿಂದೆ ಅಡಗಿಸಿ ನಿಲ್ಲುತ್ತಿದ್ದೆ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಒಂದು ಚಿಕ್ಕ ಕೋಣೆ. ಸಿಸ್ಟರಿಗೆ ಐವತ್ತು ದಾಟಿತ್ತು. ಕನ್ನಡಕವನ್ನು ಕತ್ತಿಗೆ ದಾರ ಕಟ್ಟಿ ನೇತುಹಾಕಿಕೊಂಡಿರುತ್ತಿದ್ದರು. ಉಪ್ಪುನೀರಿನಲ್ಲಿ ಗಾಯ ತೊಳೆದು, ಅದರ ಮೇಲೆ ಪಾರದರ್ಶಕ ಹಾಳೆ ಹಾಸಿ, ಅಂಚಿನ ಗುಂಟ ಪೆನ್ನಿನಿಂದ ಗೆರೆ ಎಳೆಯುತ್ತಿದ್ದರು. ಆಮೇಲೆ ಆ ಹಾಳೆಯನ್ನು ಚೌಕುಳಿ ಕಾಗದದ ಮೇಲಿಟ್ಟು, ಗೆರೆಯೊಳಗೆ ಎಷ್ಟು ಚೌಕ ಬಿದ್ದವೆಂದು ಎಣಿಸುವುದು. ಎಣಿಸುವಾಗ ತುಟಿ ಅಲ್ಲಾಡುತ್ತಿತ್ತು. ನಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ನಮ್ಮಿಬ್ಬರ ಲೆಕ್ಕ ತಾಳೆಯಾಗದಿದ್ದರೆ ಅವರು ಮತ್ತೆ ಮೊದಲಿಂದ ಎಣಿಸುತ್ತಿದ್ದರು. ಕೊನೆಗೆ ಮುಲಾಮು ಹಚ್ಚಿ ಬ್ಯಾಂಡೇಜು ಸುತ್ತುತ್ತಿದ್ದರು. ಆರು ವರ್ಷದಲ್ಲಿ ಆ ಗಾಯವನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಮೊದಲ ನಾಲ್ಕು ವಾರ ಚೌಕಗಳು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

ನನ್ನ ನಂತರದ ಸರದಿ ಒಬ್ಬ ಎಲೆಕ್ಟ್ರಿಷಿಯನ್ನಿನದು. ಒಡಿಶಾದವರು, ಕೆಂಗೇರಿಯಲ್ಲಿ ಹೊಸ ಕಟ್ಟಡಗಳಿಗೆ ವೈರಿಂಗ್ ಮಾಡುತ್ತಿದ್ದರು. ಎರಡೂ ಹರಡಿನಲ್ಲಿ ಗಾಯ. ಬೆಂಗಳೂರಿಗೆ ಬಂದು ಹತ್ತು ವರ್ಷವಾದ್ದರಿಂದ ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಒಂದು ಶುಕ್ರವಾರ ಕೇಳಿದರು:

"ಅಕ್ಕ, ನಿಮ್ದು ಉರೀತದಾ?"

"ಏನು ಉರಿಯೋದು?"

"ಮುಲಾಮು ಹಾಕಿದ್ರೆ. ನಂದು ಮೆಣಸಿನಕಾಯಿ ಥರ, ಒಂದು ಗಂಟೆ."

ನನ್ನದು ಉರಿಯುತ್ತಿರಲಿಲ್ಲ. ತಣ್ಣಗಿರುತ್ತಿತ್ತು. ಅವರು ನನ್ನ ಮುಖವನ್ನೇ ನೋಡಿದರು. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ಒಳಗಿಂದ ಸಿಸ್ಟರ್ ಕೂಗಿ, "ನಿಮ್ಮಿಬ್ಬರಿಗೂ ಹೇಳಿದೀನಿ, ಮುಲಾಮಿನ ವಿಷಯ ಮಾತಾಡ್ಬೇಡಿ ಅಂತ" ಎಂದರು. ಆದರೆ ಆಡಿಯಾಗಿತ್ತು. ಅವರಿಗೆ ನಿಜವಾದ ಔಷಧಿ, ನನಗೆ ಬರೀ ಜಿಡ್ಡು. ವಾರಕ್ಕೆರಡು ಸಲ ಅರ್ಧ ದಿನದ ರಜೆ ಹಾಕಿ, ಬಸ್ಸಿನಲ್ಲಿ ಕೊಕ್ಕರೆಯ ಹಾಗೆ ನಿಂತು, ಏನೂ ಇಲ್ಲದ ಮುಲಾಮು ಹಚ್ಚಿಸಿಕೊಳ್ಳಲು ಹೋಗುತ್ತಿದ್ದೇನೆ ಎಂದು ಖಚಿತವಾಯಿತು. ಮೋಸವೇನೂ ಇರಲಿಲ್ಲ. ಹೀಗಾಗಬಹುದೆಂದು ಬರೆದಿದ್ದ ವಾಕ್ಯವನ್ನು ತಿದ್ದಿದವಳೇ ನಾನು. ಆದರೂ ಸಿಟ್ಟು ಬಂತು.

ಆ ಶನಿವಾರ ಮನೆ ಯಜಮಾನಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಅವರಿಗೆ ಎಲ್ಲ ಹೇಳಿದೆ.

"ಅರ್ಧ ಜನಕ್ಕೆ ಔಷ್ದೀನೇ ಇಲ್ವಾ? ಅದ್ಯಾವ ಸೀಮೆ ಆಸ್ಪತ್ರೆ ಅದು?"

"ಹಂಗಲ್ಲಮ್ಮ, ಹಂಗ್ ಮಾಡಿದ್ರೇನೇ ಔಷಧಿ ಕೆಲ್ಸ ಮಾಡುತ್ತಾ ಇಲ್ವಾ ಅಂತ ಗೊತ್ತಾಗೋದು."

"ಗೊತ್ತಾಗೋದು ಅವ್ರಿಗೆ. ಕಾಲು ನಿಂದು."

ಕೆರೆಯ ಏರಿಯ ಪಕ್ಕ ಒಂದು ಸಣ್ಣ ಗಿಡ ಬೆಳೆಯುತ್ತದೆ. ಗುಂಡಿಯಂಥ ಹಳದಿ ಹೂವು, ಒರಟು ಎಲೆ. ಮಕ್ಕಳು ಬಿದ್ದು ಮೊಣಕಾಲು ತರಚಿಕೊಂಡರೆ ಅದನ್ನು ಅಂಗೈಯಲ್ಲಿ ಉಜ್ಜಿ ರಸ ಹಿಂಡುವುದು ಅವರ ಕಾಲದ ಪದ್ಧತಿ. ನಮ್ಮ ಹಾಡಿಯಲ್ಲೂ ಅದು ಗೊತ್ತಿತ್ತು. ಆದರೆ ನಮ್ಮಜ್ಜಿ ಜೇನುತುಪ್ಪವನ್ನೇ ಹೆಚ್ಚು ನಂಬುತ್ತಿದ್ದಳು. ಹಚ್ಚಿದ ಮೇಲೆ ಇರುವೆ ಮುತ್ತದಂತೆ ಕಾಯುವುದು ಮಕ್ಕಳ ಕೆಲಸ. ಯಜಮಾನಿ ಎಲೆ ಕಿತ್ತು ತಂದು, ತೊಳೆದು, ಕಲ್ಲಿನ ಮೇಲೆ ಅರೆದು, ಹರಳೆಣ್ಣೆಯಲ್ಲಿ ಕಲಸಿ ತಂದರು. ನಾನು ಬ್ಯಾಂಡೇಜು ಬಿಚ್ಚಿದೆ. ಬೇಡವೆನ್ನಲು ನನಗೆ ಬೇಕಾದಷ್ಟು ಸಮಯವಿತ್ತು. ಅನ್ನಲಿಲ್ಲ.

ಭಾನುವಾರವೂ ಹಚ್ಚಿದರು. ಸೋಮವಾರ ನಾನೇ ತೊಳೆದು, ಆಸ್ಪತ್ರೆಯಲ್ಲಿ ಸುತ್ತುವ ಹಾಗೆಯೇ ಬ್ಯಾಂಡೇಜು ಸುತ್ತಿದೆ. ಮುಂದಿನ ಶನಿವಾರ, ಭಾನುವಾರವೂ ಹೀಗೇ ನಡೆಯಿತು.

ಆ ಎರಡನೆಯ ಭಾನುವಾರ ಕಳೆದ ಮಂಗಳವಾರ ಸಿಸ್ಟರ್ ಗೆರೆ ಎಳೆದು, ಎಣಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಎಣಿಸಿದರು. ಚೌಕಗಳು ಕಡಿಮೆಯಾಗಿದ್ದವು. ಒಂದೆರಡಲ್ಲ, ಕಣ್ಣಿಗೆ ಕಾಣುವಷ್ಟು. ಅಂಚಿನಲ್ಲಿ ತೆಳ್ಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ಅವರು ಎದ್ದು ಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತು, ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಆತ ಹೆಚ್ಚು ಮಾತಿನವರಲ್ಲ. "ಪರವಾಗಿಲ್ಲ, ಪರವಾಗಿಲ್ಲ" ಎಂದು ಎರಡು ಸಲ ಅಂದರು. ಆ ಮುಖದಲ್ಲಿ ಸಂತೋಷ ಕಂಡದ್ದು ನನಗೆ ಅದೇ ಮೊದಲು.

ಅವರ ಜೊತೆ ನಾನೂ ಹಿಗ್ಗಬೇಕಿತ್ತು. ಹಿಗ್ಗಲಾಗಲಿಲ್ಲ. ದಿನವೂ ನಾನು ಮಾಡುವ ಕೆಲಸವೆಂದರೆ ಪುಸ್ತಕ ತನ್ನ ಜಾಗದಲ್ಲಿದೆಯೇ, ನಮೂದು ಸರಿಯಿದೆಯೇ ಎಂದು ನೋಡುವುದು. ಒಂದು ನಮೂದು ತಪ್ಪಿದರೆ ಪುಸ್ತಕ ಕಳೆದುಹೋದಂತೆಯೇ. ಅದು ಕಪಾಟಿನಲ್ಲೇ ಇರುತ್ತದೆ, ಯಾರಿಗೂ ಸಿಗುವುದಿಲ್ಲ. ಆ ಮನುಷ್ಯ ನನ್ನ ಕಾಲು ಹಿಡಿದುಕೊಂಡು ತಪ್ಪು ನಮೂದನ್ನು ಓದುತ್ತಿದ್ದರು.

ಆದರೂ ಆ ದಿನ ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ಆ ಶನಿವಾರ ಏನೋ ನೆಪ ಹೇಳಿ ಸೊಪ್ಪು ಮಾತ್ರ ತಪ್ಪಿಸಿಕೊಂಡೆ. ಮುಂದಿನ ಮಂಗಳವಾರ, ಬ್ಯಾಂಡೇಜು ಸುತ್ತಿಯಾದ ಮೇಲೆ, "ಡಾಕ್ಟರನ್ನ ಒಂದು ನಿಮಿಷ ನೋಡ್ಬೇಕಿತ್ತು" ಎಂದೆ.

ಹೇಳಿದೆ. ಸೊಪ್ಪು, ಹರಳೆಣ್ಣೆ, ನಾಲ್ಕು ದಿನ. ಯಾಕೆ ಎಂದೂ ಹೇಳಿದೆ, ಉರಿಯ ಮಾತನ್ನೂ ಬಿಡಲಿಲ್ಲ. ಸಿಸ್ಟರ್ ಕೈಯಲ್ಲಿದ್ದ ಕತ್ತರಿಯನ್ನು ತಟ್ಟೆಯಲ್ಲಿಟ್ಟು, "ಹಸೀ ಸೊಪ್ಪು! ಕೀವಾಗಿ ಜ್ವರ ಬಂದಿದ್ರೆ ಏನ್ ಮಾಡ್ತಿದ್ರಿ?" ಎಂದರು. ಡಾಕ್ಟರು ಒಂದು ಹಾಳೆ ತೆಗೆದುಕೊಂಡು, ಯಾವ ದಿನ, ಎಷ್ಟು ಹೊತ್ತು ಹಚ್ಚಿಕೊಂಡಿರಿ, ಯಾವ ನೀರಿನಲ್ಲಿ ತೊಳೆದಿರಿ ಎಂದು ಕೇಳಿ ಬರೆದುಕೊಂಡರು.

"ನನ್ನನ್ನ ತೆಗೆದುಹಾಕ್ತೀರಾ?"

"ಇಲ್ಲ. ಕೊನೇವರೆಗೂ ಬನ್ನಿ. ಹೀಗಾಯ್ತು ಅಂತ ಬರೆದಿಡ್ತೀವಿ, ಲೆಕ್ಕ ಹಾಕೋರು ಹಾಕ್ಕೊಳ್ತಾರೆ."

"ಬೈಯಬೇಕು ಅನ್ಸಿದ್ರೆ ಬೈರಿ ಸಾರ್."

"ಬೈದ್ರೆ ಮುಂದಿನವರು ಹೇಳಲ್ಲ" ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಹೋದ ವಾರ ಮುಖದಲ್ಲಿ ಕಂಡದ್ದೂ ಇರಲಿಲ್ಲ.

ಮನೆಗೆ ಬಂದು ಯಜಮಾನಿಗೆ, ಇನ್ನು ಸೊಪ್ಪು ಬೇಡಮ್ಮ, ಆಸ್ಪತ್ರೆಯಲ್ಲಿ ಹೇಳಿಬಿಟ್ಟೆ ಎಂದೆ. ಅವರಿಗೆ ಬೇಸರವಾಯಿತು. "ವಾಸಿ ಆಯ್ತಿತ್ತಲ್ಲ" ಎಂದು ಗೊಣಗುತ್ತ ಹಸುವಿನ ಬಾನಿ ತಿಕ್ಕಿದರು. ಬಾನಿ ಮಗುಚಿಟ್ಟು ಕೇಳಿದರು:

"ಡಾಕ್ಟ್ರು ಅದನ್ನೆಲ್ಲ ಬರ್ಕೊಂಡ್ರಾ?"

"ಹೂಂ, ಬರ್ಕೊಂಡ್ರು."

"ಹರಳೆಣ್ಣೆ ಅಂತಾನೂ?"

"ಅದೂ ಬರ್ಕೊಂಡ್ರು."

ಅವರ ಬೇಸರ ಹೋಗಿತ್ತು.

ಜುಲೈ ತಿಂಗಳ ತಣ್ಣನೆಯ ಗಾಳಿಗೆ ನನಗೆ ಆ ಮೂಳೆಯ ನೋವು ಬಂತು. ಸೊಂಟದಿಂದ ಶುರುವಾಗಿ ಎರಡೂ ತೊಡೆಗೆ ಇಳಿಯಿತು. ನಾಲ್ಕು ದಿನ ಅದೇ ಆಸ್ಪತ್ರೆಯಲ್ಲಿ ಡ್ರಿಪ್ಪು ಹಾಕಿಸಿಕೊಂಡು ಮಲಗಿದ್ದೆ, ಆಮೇಲೆ ಹದಿನೈದು ದಿನ ಕೋಣೆಯಲ್ಲಿ. ಊರಿಂದ ತಮ್ಮ ಬಂದು ಎರಡು ದಿನ ಇದ್ದು ಹೋದ. ಉಳಿದ ದಿನ ಯಜಮಾನಿಯೇ ಮುದ್ದೆ, ಸೊಪ್ಪಿನ ಸಾರು ತಂದಿಡುತ್ತಿದ್ದರು. ಕಾಲಿನ ಕೆಳಗೆ ಎರಡು ದಿಂಬು ಒಟ್ಟಿ, "ಇಳಿಸ್ಬೇಡ ಕಣವ್ವಾ" ಎಂದು ಹೇಳಿ ಹೋಗುತ್ತಿದ್ದರು. ಮಂಗಳವಾರ, ಶುಕ್ರವಾರ ಮಾತ್ರ ಆಟೋದಲ್ಲಿ ಹೋಗಿ ಬರುತ್ತಿದ್ದೆ. ಮೊದಲ ಕೆಲಸಕ್ಕೆ ಸೇರಿದಂದಿನಿಂದ ನಾನು ಅಷ್ಟು ದಿನ ಕಾಲು ಮೇಲಿಟ್ಟು ಮಲಗಿರಲೇ ಇಲ್ಲ. ಚೌಕಗಳು ವಾರವಾರವೂ ಕಡಿಮೆಯಾಗುತ್ತ ಹೋದವು.

ಹಚ್ಚುವ ಅವಧಿ ಮುಗಿಯಲು ಒಂದು ವಾರವಿದ್ದಾಗ ಸಿಸ್ಟರ್ ಹಾಳೆ ಹಾಸಿ, ಪೆನ್ನು ಹಿಡಿದು, ಸುಮ್ಮನೆ ಕುಳಿತರು.

"ಏನಾಯ್ತು ಸಿಸ್ಟರ್?"

"ಎಳೆಯೋಕೆ ಅಂಚೇ ಇಲ್ಲ."

ಖಾಲಿ ಹಾಳೆಯ ಮೂಲೆಯಲ್ಲಿ ದಿನಾಂಕ ಬರೆದು ಅದನ್ನೂ ಫೈಲಿಗೆ ಸೇರಿಸಿದರು. ಗಾಯವಿದ್ದ ಜಾಗದಲ್ಲಿ ಕಾಗದದಷ್ಟು ತೆಳುವಾದ, ಹೊಳೆಯುವ ಚರ್ಮ. ಮುಟ್ಟಬೇಡಿ ಎಂದರು. ನಾನು ಬಸ್ಸಿನಲ್ಲಿ ಕುಳಿತ ಮೇಲೆ ಮುಟ್ಟಿದೆ.

ಆ ಮೇಲಿನ ತಿಂಗಳುಗಳಲ್ಲಿ ನಾನು ಮಾಡಿದ ವಿಶೇಷವೆಂದರೆ ಸಂಜೆ ಕೆರೆಯ ಸುತ್ತ ನಡೆದದ್ದು, ಮತ್ತು ತಮ್ಮನ ಮದುವೆಗೆ ಕಾಲುಚೀಲವಿಲ್ಲದೆ ಹೋದದ್ದು. ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕೆಂದು ನಾನು ಹಟ ಹಿಡಿದಿದ್ದೆ. ಅವಳಿಗೆ ಏನೂ ಇರಲಿಲ್ಲ.

ಮುಲಾಮಿನ ಫಲಿತಾಂಶ ಬಂದಾಗ ಡಾಕ್ಟರು ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ತಾವೇ ಹೇಳಿದರು. ನನ್ನದು ಔಷಧಿ ಇಲ್ಲದ ಮುಲಾಮು. ನಾನು ಊಹಿಸಿದ್ದೂ ಅದೇ.

"ಮತ್ತೆ ನಂದು ಹೆಂಗೆ ವಾಸಿಯಾಯ್ತು ಸಾರ್?"

"ಎರಡೂ ಗುಂಪಿನವರಿಗೂ ಸುಮಾರಾಗಿ ಒಂದೇ ಥರ ಆಗಿದೆ. ಹೇಳಿಕೊಳ್ಳೋ ಅಂಥ ವ್ಯತ್ಯಾಸ ಇಲ್ಲ. ಸರಿಯಾಗಿ ತೊಳೆದದ್ದು, ಬಿಗಿಯಾಗಿ ಕಟ್ಟಿದ್ದು, ನೀವು ಮಲಗಿದ್ದು. ಅದರಿಂದ ಅಂತ ಅಂದ್ಕೊಂಡಿದೀನಿ. ನಿಮ್ಮ ವಿಷಯದಲ್ಲಿ ಸೊಪ್ಪೂ ಇದೆ. ಅದರಿಂದ ಅಲ್ಲ ಅಂತ ನಾನು ಹೇಳೋ ಹಾಗಿಲ್ಲ, ಹೌದು ಅಂತಲೂ ಹೇಳೋ ಹಾಗಿಲ್ಲ."

ಅದೇ ಮುಲಾಮಿನ ಹಿಂದೆ ಅವರು ವರ್ಷಗಟ್ಟಲೆ ಓಡಾಡಿದ್ದರೆಂದು ಸಿಸ್ಟರ್ ಆಮೇಲೆ ಹೇಳಿದರು. ನನ್ನ ಎದುರು ಅವರು ಅದನ್ನು ತೋರಿಸಿಕೊಳ್ಳಲಿಲ್ಲ. ಮೇಜಿನ ಮೇಲಿದ್ದ ಫೈಲುಗಳ ಅಂಚನ್ನು ಸರಿಯಾಗಿ ಜೋಡಿಸುತ್ತ ಮಾತಾಡಿದರು, ಅಷ್ಟೆ.

ಎಲೆಕ್ಟ್ರಿಷಿಯನ್ನಿಗೆ ಸಿಕ್ಕಿದ್ದು ಔಷಧಿಯ ಮುಲಾಮೇ. ಅವರ ಎಡಗಾಲಿನ ಗಾಯ ಅರ್ಧಕ್ಕಿಳಿದಿತ್ತು, ಬಲಗಾಲಿನದು ಇದ್ದ ಹಾಗೇ ಇತ್ತು. ಆ ದಿನ ಬೆಂಚಿನ ಮೇಲೆ ಸಿಕ್ಕರು. "ಅಷ್ಟು ಉರಿ ಸುಮ್ನೆ ತಿಂದೆ ಅಕ್ಕ" ಎಂದರು. ಏಣಿ ಹತ್ತಿ ನಿಲ್ಲುವ ಕೆಲಸ ಬಿಟ್ಟು ಬೇರೇನಾದರೂ ಸಿಗುತ್ತದೆಯೇ ಎಂದು ನನ್ನನ್ನು ಕೇಳಿದರು. ನಮ್ಮ ಕಾಲೇಜಿನಲ್ಲಿ ಕುಳಿತು ಮಾಡುವ ಕೆಲಸ ಇದೆಯೇ ಎಂದು ನಾನು ಆಫೀಸಿನಲ್ಲಿ ವಿಚಾರಿಸಿದೆ. ಇರಲಿಲ್ಲ. ಅವರ ಫೋನ್ ನಂಬರ್ ಈಗಲೂ ನನ್ನ ಹತ್ತಿರ ಇದೆ. ಹಬ್ಬಕ್ಕೆ ಇಬ್ಬರೂ ಮೆಸೇಜು ಕಳಿಸಿಕೊಳ್ಳುತ್ತೇವೆ.

ಮುಚ್ಚಿದ ಹನ್ನೊಂದು ತಿಂಗಳಿಗೆ ನನ್ನ ಗಾಯ ಮತ್ತೆ ತೆರೆಯಿತು. ಈ ಸಲ ಏನೂ ತಗುಲಲಿಲ್ಲ. ಬೆಳಿಗ್ಗೆ ಎದ್ದಾಗ ಹಾಸಿಗೆಯ ಮೇಲೆ ಚಿಕ್ಕ ಒದ್ದೆ ಕಲೆ ಇತ್ತು. ಅಳು ಬರಬಹುದೆಂದುಕೊಂಡೆ, ಬರಲಿಲ್ಲ. ಆಮೇಲೆ ಕಾಲೇಜಿಗೆ ಫೋನ್ ಮಾಡಿ ರಜೆ ಹೇಳಿ, ರಾಜಾಜಿನಗರಕ್ಕೆ ಹೊರಟೆ.

ಸಿಸ್ಟರ್ ನೋಡಿ, "ಬೇಗ ಬಂದಿರಿ, ಒಳ್ಳೇದಾಯ್ತು" ಎಂದರು. ತೊಳೆದು ಬ್ಯಾಂಡೇಜು ಕಟ್ಟಿದ ಮೇಲೆ ಡಾಕ್ಟರು ಬಂದರು. ಬೇರೊಂದು ಪರೀಕ್ಷೆ ಶುರುವಾಗುತ್ತಿದೆ ಎಂದರು. ಈ ಸಲ ಮುಲಾಮಲ್ಲ, ದಿನವೂ ಕುಡಿಯುವ ಪುಡಿ. ಯೋಚಿಸಿ ಹೇಳಿ, ಅವಸರವಿಲ್ಲ, ಬೇಡವೆಂದರೂ ಡ್ರೆಸ್ಸಿಂಗ್ ನಡೆಯುತ್ತದೆ ಎಂದರು.

ಮನೆಯಲ್ಲಿ ಹೇಳಿದಾಗ ಯಜಮಾನಿ, "ಮತ್ತೆ ಅರ್ಧ ಜನಕ್ಕೆ ಬರೀ ಪುಡೀನಾ?" ಎಂದು ಕೇಳಿದರು. ಹೌದಮ್ಮ ಎಂದೆ. "ನಿನ್ನಿಷ್ಟ" ಎಂದರು. ಎರಡು ದಿನ ಯೋಚಿಸಿದೆ. ಪುಡಿಯ ಮೇಲೆ ನನಗೆ ಅಂಥ ನಂಬಿಕೆ ಇರಲಿಲ್ಲ. ಆದರೆ ಹೋದ ಸಲ ನನ್ನಿಂದ ಅವರಿಗೆ ಸಿಕ್ಕ ಲೆಕ್ಕ ಕಲಬೆರಕೆಯಾಗಿತ್ತು. ಒಂದು ಸಲವಾದರೂ ಸರಿಯಾದ ಲೆಕ್ಕ ಕೊಡಬೇಕು ಅನ್ನಿಸಿತು. ಶುಕ್ರವಾರ ಹೋಗಿ ಸಹಿ ಹಾಕಿದೆ. ಈ ಬಾರಿ ಹೋಗಬೇಕಾದದ್ದು ಸೋಮವಾರ ಮತ್ತು ಗುರುವಾರ. ಸೋಮವಾರ ಗ್ರಂಥಾಲಯದಲ್ಲಿ ಜನ ಹೆಚ್ಚು, ರಜೆ ಸಿಗುವುದು ಕಷ್ಟ. ಗ್ರಂಥಪಾಲಕರನ್ನು ಕೇಳಿದ್ದೇನೆ, ನೋಡೋಣ ಎಂದಿದ್ದಾರೆ.